ಗ್ರೇಟ್ ಕೋರ್ಟ್, ಬ್ರಿಟಿಷ್ ಮ್ಯೂಸಿಯಂ

ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನ ನಡು ಅಂಗಳಕ್ಕೆ ಗಾಜು ಮತ್ತು ಉಕ್ಕಿನ ಚಾವಣಿ ಹೊದಿಸಿ ರೂಪಿಸಿದ ಆವರಣ. ಪೂರ್ಣ ಹೆಸರು ಕ್ವೀನ್ ಎಲಿಜಬೆತ್ 2 ಗ್ರೇಟ್ ಕೋರ್ಟ್. ವಿನ್ಯಾಸ ನಾರ್ಮನ್ ಫಾಸ್ಟರ್ ಅವರ ಸಂಸ್ಥೆಯದು. ಉದ್ಘಾಟನೆ 2000ದ ಡಿಸೆಂಬರ್ 6ರಂದು ನಡೆಯಿತು.

ರಾಬರ್ಟ್ ಸ್ಮರ್ಕ್ ರೂಪಿಸಿದ ಮೂಲ ಕಟ್ಟಡ ನಮ್ಮ ತೊಟ್ಟಿಮನೆಯಂತೆ ನಾಲ್ಕು ಕೈಸಾಲೆಗಳ ನಡುವೆ ಆಕಾಶಕ್ಕೆ ತೆರೆದ ಅಂಗಳವನ್ನು ಇಟ್ಟುಕೊಂಡಿತ್ತು. ಆ ತೆರವು ಬಹುಕಾಲ ಉಳಿಯಲಿಲ್ಲ. ರಾಬರ್ಟನ ತಮ್ಮ ಸಿಡ್ನಿ ಸ್ಮರ್ಕ್ ಅಂಗಳದೊಳಗೆ ಕಟ್ಟಿದ ವೃತ್ತಾಕಾರದ ವಾಚನಾಲಯ 1857ರಲ್ಲಿ ತೆರೆಯಿತು. ಕಾರ್ಲ್ ಮಾರ್ಕ್ಸ್ ಓದಲು ಬರುತ್ತಿದ್ದುದು ಇಲ್ಲಿಗೇ. ಅದರ ಸುತ್ತ ಉಳಿದ ಜಾಗವನ್ನು ಪುಸ್ತಕದ ಉಗ್ರಾಣಗಳು ನುಂಗಿದವು. 1990ರ ದಶಕದ ಕೊನೆಯಲ್ಲಿ, ಇಲ್ಲೇ ಇದ್ದ ಬ್ರಿಟಿಷ್ ಲೈಬ್ರರಿ ಸೇಂಟ್ ಪ್ಯಾಂಕ್ರಾಸ್‌ಗೆ ಸ್ಥಳಾಂತರಗೊಂಡ ಮೇಲಷ್ಟೇ ಉಗ್ರಾಣಗಳನ್ನು ಕೆಡವಿ ಅಂಗಳವನ್ನು ಬಿಡಿಸಿಕೊಳ್ಳಲು ಸಾಧ್ಯವಾಯಿತು.

ಚಾವಣಿಯ ರಚನೆಯಲ್ಲೇ ಈ ಕಟ್ಟಡದ ನಿಜವಾದ ಜಾಣ್ಮೆ ಇದೆ. ಆಯತಾಕಾರದ ಹೊರ ಅಂಚು ಒಳಗಿನ ವೃತ್ತಕ್ಕೆ ಬಂದು ಕೂಡಬೇಕು. ವಾಚನಾಲಯವೋ ಅಂಗಳದ ನಟ್ಟನಡುವೆ ಇಲ್ಲ, ಸ್ವಲ್ಪ ಉತ್ತರಕ್ಕೆ ಸರಿದಿದೆ. ಗಣಿತಜ್ಞ ಕ್ರಿಸ್ ವಿಲಿಯಮ್ಸ್ ಕಂಪ್ಯೂಟರ್ ನೆರವಿನಿಂದ ಈ ಬಾಗಿದ ಮೇಲ್ಮೈಯ ಆಕಾರವನ್ನು ಕಂಡುಕೊಂಡರು. ಎಂಜಿನಿಯರಿಂಗ್ ಹೊಣೆ ಬ್ಯೂರೋ ಹ್ಯಾಪೋಲ್ಡ್ ಸಂಸ್ಥೆಯದು. ಬಳಸಿದ 3,312 ತ್ರಿಕೋನ ಗಾಜುಗಳಲ್ಲಿ ಒಂದರ ಅಳತೆ ಇನ್ನೊಂದಕ್ಕಿಲ್ಲ. ಬಿಸಿಲಿನ ಝಳ ತಗ್ಗಿಸಲು ಅವುಗಳ ಮೇಲೆ ಸಣ್ಣ ಚುಕ್ಕೆಗಳನ್ನು ಅಚ್ಚೊತ್ತಲಾಗಿದೆ. ಬಾಗಿದ ಚಾವಣಿ ಸಹಜವಾಗಿಯೇ ಗೋಡೆಗಳನ್ನು ಹೊರಕ್ಕೆ ತಳ್ಳುತ್ತದೆ. ಹಳೆಯ ಗೋಡೆಗಳಿಗೆ ಆ ಒತ್ತಡ ತಟ್ಟಬಾರದೆಂದು ಹೊರ ಅಂಚನ್ನು ಜಾರುವ ಬೇರಿಂಗ್‌ಗಳ ಮೇಲೆ ಕೂರಿಸಿದರು. ಒಳಗಡೆಯ ಭಾರವನ್ನು ಹೊರುವುದು ವಾಚನಾಲಯದ ಸುತ್ತ ನಿಲ್ಲಿಸಿ, ಹೊಸ ಕಲ್ಲುಹೊದಿಕೆಯ ಹಿಂದೆ ಮರೆಮಾಡಿದ ಉಕ್ಕಿನ ಕಂಬಗಳು.

ಸುಮಾರು ಎರಡು ಎಕರೆಯ ಈ ಆವರಣಕ್ಕೆ ತಗಲಿದ ವೆಚ್ಚ ಸುಮಾರು 10 ಕೋಟಿ ಪೌಂಡ್. ಅದರಲ್ಲಿ ದೊಡ್ಡ ಪಾಲು ರಾಷ್ಟ್ರೀಯ ಲಾಟರಿಯ ನಿಧಿಯಿಂದ ಬಂತು. ಒಂದು ಗ್ಯಾಲರಿಗೆ ಹೋಗಲು ಇನ್ನೊಂದನ್ನು ಹಾಯಲೇಬೇಕಿದ್ದ ಸಂದರ್ಶಕರಿಗೆ ಈಗ ಅಂಗಳದಿಂದಲೇ ಬೇಕಾದ ಕಡೆಗೆ ತಿರುಗುವ ಅನುಕೂಲವಿದೆ.

ವಿಚಿತ್ರವೆಂದರೆ, ದೊಡ್ಡ ಗಲಾಟೆ ಎದ್ದದ್ದು ಗಾಜಿನಿಂದಲ್ಲ, ಕಲ್ಲಿನಿಂದ. 19ನೆಯ ಶತಮಾನದಲ್ಲೇ ಕೆಡವಿದ್ದ ದಕ್ಷಿಣದ ಕಂಬಮಂಟಪವನ್ನು ಮತ್ತೆ ಕಟ್ಟುವಾಗ, ಗೊತ್ತುಮಾಡಿದ್ದ ಇಂಗ್ಲೆಂಡಿನ ಪೋರ್ಟ್‌ಲ್ಯಾಂಡ್ ಕಲ್ಲಿನ ಬದಲು ಫ್ರಾನ್ಸಿನ ಸುಣ್ಣಕಲ್ಲು ಬಂದಿತ್ತು. ಪತ್ರಿಕೆಗಳು ಇದನ್ನು ಹಗರಣವೆಂದೇ ಬಣ್ಣಿಸಿದವು. ಮಂಟಪವನ್ನು ಮಾತ್ರ ಕೆಡವಲಿಲ್ಲ. ಅಕ್ಕಪಕ್ಕದ ಹಳೆಯ ಗೋಡೆಗಳಿಗಿಂತ ಅದು ಬೆಳ್ಳಗೆ ಎದ್ದು ಕಾಣುತ್ತದೆ.