ಕೆಂಪು ಕಾಣದವರ ಕಥೆ: ರೈಲಿನಿಂದ ವೆಬ್‌ವರೆಗೆ

ಪವಾಯಿಯಲ್ಲಿ ಕೆಲಸ ಮಾಡೋ ನಮ್ಮಲ್ಲಿ ಬಹಳ ಜನ ದಿನಾ ಇಳಿಯೋದು ಕಾಂಜೂರ್‌ಮಾರ್ಗ್ ಸ್ಟೇಷನ್ನಿನಲ್ಲಿ. 1853ರ ಏಪ್ರಿಲ್ 16ರಂದು ಬೋರಿಬಂದರ್‌ನಿಂದ ಠಾಣೆಗೆ ಹೊರಟ ದೇಶದ ಮೊದಲ ಪ್ರಯಾಣಿಕರ ರೈಲು ಓಡಿದ್ದು ಈ ದಾರಿಯಲ್ಲೇ. ನಾವು ಆಫೀಸಿನಲ್ಲಿ ಕೂತು ಬಟನ್ನಿಗೆ ಬಣ್ಣ ಆರಿಸ್ತೀವಲ್ಲ, ಅದರ ಹಿಂದಿನ ಇತಿಹಾಸಕ್ಕೂ ರೈಲಿಗೂ ನಂಟಿದೆ.

1794ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಜಾನ್ ಡಾಲ್ಟನ್ ತಮಗೇ ಇದ್ದ ವರ್ಣಾಂಧತೆಯ ಬಗ್ಗೆ ಪ್ರಬಂಧ ಓದಿದರು. ಆಗ ಅದೊಂದು ಕುತೂಹಲ, ಅಷ್ಟೆ. 1875ರಲ್ಲಿ ಸ್ವೀಡನ್ನಿನ ಲಾಗರ್‌ಲುಂಡಾದಲ್ಲಿ ಎರಡು ರೈಲುಗಳು ಡಿಕ್ಕಿಯಾದ ಮೇಲೆ ಅದು ಭಯವಾಯಿತು. ಸಿಗ್ನಲ್ ಬಣ್ಣ ತಿಳಿಯದ್ದೇ ಕಾರಣ ಇರಬಹುದು ಅಂತ ವಾದಿಸಿದ ಪ್ರೊಫೆಸರ್ ಹೋಲ್ಮ್‌ಗ್ರೆನ್, ಬಣ್ಣಬಣ್ಣದ ಉಣ್ಣೆ ನೂಲು ಕೊಟ್ಟು ರೈಲ್ವೆ ನೌಕರರನ್ನು ಪರೀಕ್ಷಿಸಿದರು. 1917ರಲ್ಲಿ ಜಪಾನಿನ ಇಶಿಹಾರ ಅವರ ಚುಕ್ಕೆ ಚಿತ್ರಗಳು ಬಂದವು. ಇವತ್ತಿಗೂ ನಮ್ಮಲ್ಲಿ ಲೋಕೋ ಪೈಲಟ್ ಆಗಬೇಕಾದ್ರೆ ಬಣ್ಣದ ದೃಷ್ಟಿ ಪರೀಕ್ಷೆ ಪಾಸಾಗಲೇಬೇಕು. ಬಣ್ಣ ಗುರುತಿಸಲಾಗದವರನ್ನು ಹೊರಗಿಡೋದು, ಇದು ರೈಲು ಕಂಡುಕೊಂಡ ಉತ್ತರ.

ಸಾವಿರಾರು ಜನರ ಜೀವದ ಪ್ರಶ್ನೆ, ಅಲ್ಲಿಗೆ ಅದು ಸರಿ. ಆದ್ರೆ ವೆಬ್‌ಸೈಟಿಗೆ ಬರೋರನ್ನ ನಾವು ಪರೀಕ್ಷೆ ಮಾಡಿ ಒಳಗೆ ಬಿಡೋದಿಲ್ಲ. ಹಾಗಾಗಿ 1999ರ ಮೇ ತಿಂಗಳಲ್ಲಿ ಬಂದ ಡಬ್ಲ್ಯುಸಿಎಜಿ ನಿಯಮಗಳು ಪ್ರಶ್ನೆಯನ್ನೇ ತಿರುಗಿಸಿದವು. ಬದಲಾಗಬೇಕಾದ್ದು ನೋಡುವವರಲ್ಲ, ಪುಟ. ಬಣ್ಣ ಒಂದರಿಂದಲೇ ಅರ್ಥ ಹೇಳಬೇಡಿ ಅಂದವು. 2008ರ ಎರಡನೇ ಆವೃತ್ತಿ ಮಂದದೃಷ್ಟಿ ಇರೋರಿಗಾಗಿ ಲೆಕ್ಕವನ್ನೂ ಕೊಟ್ಟಿತು: ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಕಾಂಟ್ರಾಸ್ಟ್, ದೊಡ್ಡ ಅಕ್ಷರಕ್ಕೆ 3:1. ಬಿಳಿ ಮೇಲೆ #777777 ಬೂದು ಬಣ್ಣ ಹಾಕಿದ್ರೆ 4.48, ಅಂದ್ರೆ ಫೇಲ್. #767676 ಹಾಕಿ, ಪಾಸ್.

ನಮ್ಮ ದೇಶದಲ್ಲೂ ಇದೇ ತಿರುವು ಬಂತು. ಪುಣೆಯ ಎಫ್‌ಟಿಐಐ ವರ್ಣಾಂಧತೆಯ ಕಾರಣಕ್ಕೆ ಎಡಿಟಿಂಗ್ ಕೋರ್ಸಿನ ಅಭ್ಯರ್ಥಿಯೊಬ್ಬರನ್ನು ಕೈಬಿಟ್ಟಿತ್ತು. 2022ರ ಏಪ್ರಿಲ್ 12ರಂದು ಸುಪ್ರೀಂ ಕೋರ್ಟ್ ಹೇಳಿದ್ದು: ವರ್ಣಾಂಧರಿಗೂ ಎಲ್ಲ ಕೋರ್ಸ್ ತೆರೆಯಿರಿ, ಪಠ್ಯವನ್ನು ಹೊಂದಿಸಿಕೊಳ್ಳಿ.

ಹಾಗಾದ್ರೆ ನಾವೇನು ಮಾಡಬೇಕು? ಪವಾಯಿ ಮೂಲಕ ಹಾದುಹೋಗುವ ಮೆಟ್ರೋ ಮಾರ್ಗ ನೋಡಿ. ಅದಕ್ಕೆ ಗುಲಾಬಿ ಬಣ್ಣವೂ ಇದೆ, 6 ಅನ್ನೋ ನಂಬರೂ ಇದೆ. ಬಣ್ಣ ತಿಳಿಯದಿದ್ರೆ ನಂಬರು ಓದಬಹುದು. ನಮ್ಮ ಫಾರ್ಮಿನಲ್ಲೂ ಅಷ್ಟೆ. ತಪ್ಪಿದ ಕಡೆ ಕೆಂಪು ಗೆರೆ ಎಳೆದು ಸುಮ್ಮನಾಗಬೇಡಿ. ಪಕ್ಕದಲ್ಲೇ ಬರೀರಿ: ‘ಮೊಬೈಲ್ ನಂಬರಿನಲ್ಲಿ 9 ಅಂಕೆ ಇದೆ, 10 ಬೇಕು.’ ಆ ಒಂದು ಸಾಲು ಇಲ್ಲದೆ, ಯಾರೋ ಒಬ್ಬರ ಅರ್ಜಿ ಅಲ್ಲೇ ನಿಂತುಹೋಗುತ್ತೆ.