ಖಾಲಿಯಾಗಿ ಸೇವ್ ಆಗುವ ದಾಖಲೆಗಳು

ವೆಬ್ ಅಪ್ಲಿಕೇಶನ್‌ನಲ್ಲಿ ಫಾರಂ ತುಂಬಿ ಸಬ್ಮಿಟ್ ಒತ್ತಿದ ಮೇಲೆ ಡೇಟಾಬೇಸಿನಲ್ಲಿ ಸಾಲು ಸೇರಿಕೊಂಡರೂ ಅದರ ಕೆಲವು ಅಂಕಣಗಳು ಬರಿದಾಗಿ ಉಳಿಯುವ ದೋಷವಿದು. ಸರ್ವರ್ ಕುಸಿದರೆ ಆ ಕ್ಷಣವೇ ಗೊತ್ತಾಗುತ್ತದೆ. ಇದು ಹಾಗಲ್ಲ, ತಿಂಗಳ ವರದಿ ತೆಗೆಯುವವರೆಗೂ ಯಾರ ಕಣ್ಣಿಗೂ ಬೀಳದೆ ಇರಬಲ್ಲದು.

ಒಂದು ಉದಾಹರಣೆ ನೋಡಿ: ಮಹಾರಾಷ್ಟ್ರದ ನಾಸಿಕ್ ಮತ್ತು ಛತ್ರಪತಿ ಸಂಭಾಜಿನಗರ ಒಂದಕ್ಕೊಂದು ತಾಗಿಕೊಂಡಿರುವ ಜಿಲ್ಲೆಗಳು. ಔರಂಗಾಬಾದ್ ನಗರದ ‘ಛತ್ರಪತಿ ಸಂಭಾಜಿನಗರ’ ಎಂಬ ಹೊಸ ಹೆಸರಿಗೆ ಕೇಂದ್ರದ ಒಪ್ಪಿಗೆ ಸಿಕ್ಕಿದ್ದು 2023ರ ಫೆಬ್ರವರಿಯಲ್ಲಿ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಜಿಲ್ಲೆಯ ಹೆಸರೂ ಬದಲಾಯಿತು. ಮೈಎಸ್‌ಕ್ಯುಎಲ್ ಟೇಬಲ್ಲಿನ ಜಿಲ್ಲೆಯ ಅಂಕಣ ‘ಎನಮ್’ ಬಗೆಯದಾಗಿದ್ದರೆ, ಮೊದಲೇ ಪಟ್ಟಿ ಮಾಡಿದ ಹೆಸರುಗಳಿಗಷ್ಟೇ ಅಲ್ಲಿ ಜಾಗ. ಪುಟದ ಡ್ರಾಪ್‌ಡೌನ್‌ಗೆ ಹೊಸ ಹೆಸರು ಸೇರಿಸಿದವರು ಟೇಬಲ್ಲಿನ ಪಟ್ಟಿಯನ್ನು ಮರೆತರೆಂದುಕೊಳ್ಳಿ. ಕಟ್ಟುನಿಟ್ಟಿನ ಮೋಡ್ ಇಲ್ಲದ ಸರ್ವರ್ ಆ ಹೆಸರಿನ ಬದಲು ಖಾಲಿ ಸ್ಟ್ರಿಂಗ್ ಬರೆದು, ಒಂದು ಎಚ್ಚರಿಕೆ ಕೊಟ್ಟು ಸುಮ್ಮನಾಗುತ್ತದೆ. ನಾಸಿಕ್‌ನ ಅರ್ಜಿಗಳೆಲ್ಲ ಸರಿ, ನೆರೆಜಿಲ್ಲೆಯವೆಲ್ಲ ಖಾಲಿ. ಅಂಕಣ 20 ಅಕ್ಷರಗಳ ಪಠ್ಯದ್ದಾಗಿದ್ದರೆ ಕಥೆಯೇ ಬೇರೆ: ಇಂಗ್ಲಿಷ್‌ನಲ್ಲಿ ಹೆಸರಿನ ಉದ್ದ ಖಾಲಿ ಜಾಗವೂ ಸೇರಿ 25. ‘ನಗರ’ ತುಂಡಾಗಿ ‘ಛತ್ರಪತಿ ಸಂಭಾಜಿ’ ಎಂಬಷ್ಟೇ ದಾಖಲಾಗುತ್ತದೆ, ಜಿಲ್ಲೆಯ ಜಾಗದಲ್ಲಿ ಆ ಹೆಸರಿನ ದೊರೆಯೇ ಬಂದು ಕುಳಿತಂತೆ!

2015ರಲ್ಲಿ ಬಂದ ಮೈಎಸ್‌ಕ್ಯುಎಲ್ 5.7ನೇ ಆವೃತ್ತಿಯಿಂದ ಕಟ್ಟುನಿಟ್ಟಿನ ಮೋಡ್ ತಾನಾಗಿ ಚಾಲೂ ಇರುತ್ತದೆ; ಆಗ ಇಂಥ ಮೌಲ್ಯ ಎರರ್ ಆಗಿ ವಾಪಸಾಗುತ್ತದೆ. ಹಳೆಯ ಅಪ್ಲಿಕೇಶನ್ ಕೆಡದಿರಲೆಂದು ಅದನ್ನು ಆಫ್ ಮಾಡಿಟ್ಟ ಕಡೆ ತೊಂದರೆ ಉಳಿದೇ ಇರುತ್ತದೆ. 2014ರ ನವೆಂಬರ್ 1ರಂದು ಬೆಳಗಾವಿ, ಕಲಬುರಗಿ ಸೇರಿ 12 ಊರುಗಳ ಹೆಸರು ಬದಲಿಸಿದ ಕರ್ನಾಟಕಕ್ಕೂ ಈ ಮಾತು ಹೊರತಲ್ಲ.

ಹಾಗೆಂದು ಎಲ್ಲಕ್ಕೂ ಡೇಟಾಬೇಸನ್ನೇ ದೂರುವುದು ಅನ್ಯಾಯ. ಮೊದಲು ನೋಡಬೇಕಾದದ್ದು ಬ್ರೌಸರ್‌ನ ಡೆವಲಪರ್ ಟೂಲ್ಸ್‌ನಲ್ಲಿರುವ ನೆಟ್‌ವರ್ಕ್ ಟ್ಯಾಬ್. ಮೌಲ್ಯ ಅಲ್ಲಿಂದಲೇ ಹೊರಟಿಲ್ಲವೆಂದರೆ ತಪ್ಪು ಫಾರಂನದು: ‘ನೇಮ್’ ಗುಣವಿಲ್ಲದ ಅಥವಾ ‘ಡಿಸೇಬಲ್ಡ್’ ಆದ ಬಾಕ್ಸಿನಲ್ಲಿ ಏನೇ ತುಂಬಿದರೂ ಬ್ರೌಸರ್ ಕಳಿಸುವುದಿಲ್ಲ. ಹೊರಟಿದ್ದರೆ ಸರ್ವರ್ ಕಡೆ ಹುಡುಕಬೇಕು. ಅನುಮತಿಯ ಪಟ್ಟಿಯಲ್ಲಿಲ್ಲದ ಅಂಕಣಗಳನ್ನು ಲಾರವೆಲ್ ಮತ್ತು ರೈಲ್ಸ್ ಫ್ರೇಮ್‌ವರ್ಕ್‌ಗಳು ಸಾಮಾನ್ಯವಾಗಿ ಸದ್ದಿಲ್ಲದೆ ಕೈಬಿಡುತ್ತವೆ. ಪಿಎಚ್‌ಪಿಯ ಮಿತಿ ಮಾಮೂಲಾಗಿ 1000 ಇನ್‌ಪುಟ್‌ಗಳು. ಉದ್ದನೆಯ ಫಾರಂನ ಬಾಲ ಅಲ್ಲೇ ಕಳಚಿಬೀಳುತ್ತದೆ. ಕೊನೆಗೆ ಎಸ್‌ಕ್ಯುಎಲ್ ಲಾಗ್, ಅದರೊಂದಿಗೆ ‘ಶೋ ವಾರ್ನಿಂಗ್ಸ್’. ಖಾಲಿ ಸ್ಟ್ರಿಂಗ್ ಮತ್ತು ನಲ್ ಬೇರೆಬೇರೆ ಎಂಬುದು ಇಲ್ಲಿ ನೆನಪಿರಬೇಕು. ಒರಾಕಲ್ ಮಾತ್ರ ಎರಡನ್ನೂ ಒಂದೇ ಎನ್ನುತ್ತದೆ.

ಟೇಬಲ್ಲಿನ ಪಟ್ಟಿಗೆ ಹೆಸರು ಸೇರಿಸಿದ ಮಾತ್ರಕ್ಕೆ ಹಳೆಯ ಖಾಲಿಗಳು ತುಂಬುವುದಿಲ್ಲ. ಅದೇ ಸಾಲಿನ ಪಿನ್‌ಕೋಡ್‌ನಿಂದ ಜಿಲ್ಲೆಯನ್ನು ಪತ್ತೆ ಮಾಡಬಹುದು, ಆದರೆ ಆರೂ ಅಂಕೆ ಬೇಕು: 431ರಿಂದ ಶುರುವಾಗುವ ಪಿನ್ ಜಾಲ್ನಾದಲ್ಲೂ ಇದೆ. ಹಳೆಯ ಹೆಸರನ್ನು ಸಾರಾಸಗಟಾಗಿ ಬದಲಿಸುವಾಗ ರಾಜ್ಯದ ಷರತ್ತನ್ನೂ ಹಾಕಬೇಕು, ಇಲ್ಲದಿದ್ದರೆ ಬಿಹಾರದ ಔರಂಗಾಬಾದ್ ಜಿಲ್ಲೆಯ ಅರ್ಜಿದಾರರೂ ಸಂಭಾಜಿನಗರದವರಾಗಿಬಿಡುತ್ತಾರೆ.