ಹಡಗಿನ ಕ್ಯಾಪ್ಟನ್ ಯಾವೂರಿನವನು?

ಬಿಇ ಮುಗಿಸಿ ಮೊದಲ ಕೆಲಸ ಸಿಕ್ಕಾಗ ನಾನು ಬಿಟಿಎಂ ಲೇಔಟಿನ ಒಂದು ಪಿಜಿಯಲ್ಲಿದ್ದೆ. ರೂಮ್‌ಮೇಟ್ ರಾಯಚೂರು ಜಿಲ್ಲೆಯವನು. ಶನಿವಾರ ರಾತ್ರಿ ಊಟ ಮುಗಿಸಿ, ಅವನ ಲ್ಯಾಪ್‌ಟಾಪಿನಲ್ಲಿ 'ಸ್ಟಾರ್ ಟ್ರೆಕ್' ಹಾಕಿಕೊಂಡು ಕೂತರೆ ಎರಡು ಗಂಟೆಯವರೆಗೂ ಏಳುತ್ತಿರಲಿಲ್ಲ. ಒಂದು ರಾತ್ರಿ ಅವನು ಮಧ್ಯದಲ್ಲೇ ಪಾಸ್ ಮಾಡಿ ನಗಲು ಶುರುಮಾಡಿದ.

"ಗ್ರಹ ನೂರೈವತ್ತು ಅದಾವಂತ. ಆದ್ರ ಕ್ಯಾಪ್ಟನ್ ನೋಡಿದ್ರ ಎಲ್ಲಾ ಭೂಮಿಯವ್ರೇ. ಹೆಡ್ಡಾಫೀಸೂ ಭೂಮಿ ಮ್ಯಾಲೇ. ಥೇಟ್ ನಿಮ್ಮ ಮೈಸೂರಿನವ್ರ ಹಂಗ ನೋಡ್ ದೋಸ್ತ."

"ನಾನ್ಯಾವ ಮೈಸೂರಿನವನೋ? ನಮ್ಮೂರು ದೊಡ್ಡಬಳ್ಳಾಪುರ ತಾಲ್ಲೂಕು" ಅಂದೆ.

"ನಮ್ಮ ಕಡಿ ಎಲ್ಲಾ ಒಂದೇ. ಹೊಳಿ ದಾಟಿದ್ರ ಮೈಸೂರು ಸೀಮಿ" ಅಂದ.

ಆವತ್ತು ನಾನೂ ನಕ್ಕೆ. ಆದರೆ ಆ ಮಾತು ಹತ್ತು ವರ್ಷದಿಂದ ಚಪ್ಪಲಿಯೊಳಗಿನ ಕಲ್ಲಿನ ಥರ ಚುಚ್ಚುತ್ತಲೇ ಇದೆ. ಅದಕ್ಕೇ ಈ ಬರಹ.

ಮೊದಲು ಆಕಾಶದ ಕಥೆ ಮುಗಿಸಿಬಿಡೋಣ. ಸ್ಟಾರ್ ಟ್ರೆಕ್‌ನ ಕಾಲಗಣನೆಯಲ್ಲಿ 2161ರಲ್ಲಿ ಮನುಷ್ಯರು, ವಲ್ಕನ್ನರು, ಆಂಡೋರಿಯನ್ನರು ಮತ್ತು ಟೆಲ್ಲರೈಟರು ಸೇರಿ ಒಂದು ಒಕ್ಕೂಟ ಕಟ್ಟುತ್ತಾರೆ. ಎಲ್ಲರೂ ಸಮಾನರು ಅನ್ನುವುದು ಅದರ ತತ್ವ. ಆದರೆ ಅಧ್ಯಕ್ಷರ ಕಚೇರಿ ಪ್ಯಾರಿಸ್‌ನಲ್ಲಿ, ಹಡಗುಪಡೆಯ ಕೇಂದ್ರ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ನಾವು ನೋಡಿದ ಸರಣಿಗಳ ನಾಯಕರೆಲ್ಲ ಮನುಷ್ಯರು. ವಲ್ಕನ್ ಸ್ಪಾಕ್ ಎಷ್ಟು ಬುದ್ಧಿವಂತನಾದರೂ ಮೊದಲ ಸರಣಿಯುದ್ದಕ್ಕೂ ಎರಡನೆಯ ಸ್ಥಾನದವನೇ, ಅವನೂ ಅರ್ಧ ಮನುಷ್ಯ. ಕಥೆ ಬರೆದವರಿಗೂ ಇದು ಗೊತ್ತಿತ್ತು. 1991ರ 'ದಿ ಅನ್‌ಡಿಸ್ಕವರ್ಡ್ ಕಂಟ್ರಿ' ಸಿನಿಮಾದ ಊಟದ ದೃಶ್ಯದಲ್ಲಿ ಕ್ಲಿಂಗಾನ್ ನಾಯಕನ ಮಗಳು, ನಿಮ್ಮ ಒಕ್ಕೂಟವೆಂದರೆ ಮನುಷ್ಯರ ಕ್ಲಬ್ಬು ಅನ್ನುವ ಅರ್ಥದಲ್ಲಿ ಮುಖಕ್ಕೆ ಹೊಡೆದ ಹಾಗೆ ಹೇಳಿಬಿಡುತ್ತಾಳೆ. ಮೇಜಿನ ಸುತ್ತ ಕೂತ ಮನುಷ್ಯರಿಗೆ ಗಂಟಲಲ್ಲಿ ಅನ್ನ ಇಳಿಯುವುದಿಲ್ಲ.

ಐಸಾಕ್ ಅಸಿಮೋವ್ ಇನ್ನೊಂದು ದಾರಿ ಹಿಡಿದರು. ಅವರ ಕಥೆ ಪ್ರಕಟಿಸುತ್ತಿದ್ದ ಸಂಪಾದಕ ಜಾನ್ ಕ್ಯಾಂಪ್‌ಬೆಲ್‌ಗೆ ಮನುಷ್ಯನೇ ಕೊನೆಗೆ ಮೇಲುಗೈ ಸಾಧಿಸಬೇಕು ಅನ್ನುವ ಹಟ. ಅದರ ತಂಟೆಯೇ ಬೇಡವೆಂದು ಅಸಿಮೋವ್ 'ಫೌಂಡೇಶನ್' ಕಥೆಗಳ ಗ್ಯಾಲಕ್ಸಿಯಲ್ಲಿ ಅನ್ಯಜೀವಿಗಳನ್ನೇ ಇಡಲಿಲ್ಲ. ಅಂದರೆ ಸುಲಭದ ದಾರಿ ಎರಡೇ. ಒಂದೋ ನಮ್ಮವರನ್ನು ಕ್ಯಾಪ್ಟನ್ ಮಾಡು, ಇಲ್ಲವೇ ಬೇರೆಯವರು ಇಲ್ಲವೇ ಇಲ್ಲ ಅನ್ನು.

ಈಗ ನೆಲಕ್ಕಿಳಿಯೋಣ. ನಾವು ಪ್ರತಿ ನವೆಂಬರ್ 1ಕ್ಕೆ ಆಫೀಸಿನಲ್ಲಿ ಹಳದಿ ಕೆಂಪು ಟೀಶರ್ಟ್ ಹಾಕಿಕೊಂಡು ಸೆಲ್ಫಿ ತೆಗೆಸಿಕೊಳ್ಳುತ್ತೇವಲ್ಲ, ಅದೂ ಒಂದು ಒಕ್ಕೂಟ ಹುಟ್ಟಿದ ದಿನವೇ. 1956ರ ಆ ದಿನ ಐದು ಆಡಳಿತಗಳ ತುಂಡುಗಳು ಒಂದಾದವು. ಮೈಸೂರು ರಾಜ್ಯ, ಮುಂಬೈ ರಾಜ್ಯದಿಂದ ಬೆಳಗಾವಿ, ಧಾರವಾಡ, ಬಿಜಾಪುರ, ಉತ್ತರ ಕನ್ನಡ, ಹೈದರಾಬಾದಿನಿಂದ ಗುಲ್ಬರ್ಗ, ರಾಯಚೂರು, ಬೀದರ್, ಮದ್ರಾಸಿನಿಂದ ದಕ್ಷಿಣ ಕನ್ನಡ ಮತ್ತು ಕೊಳ್ಳೇಗಾಲ, ಜೊತೆಗೆ ಕೊಡಗು. ಬಳ್ಳಾರಿಯ ದೊಡ್ಡ ಭಾಗ 1953ರಲ್ಲೇ ಮೈಸೂರಿಗೆ ಬಂದಿತ್ತು. ಒಟ್ಟು 19 ಜಿಲ್ಲೆ. ಅದರಲ್ಲಿ ಬಳ್ಳಾರಿಯೂ ಸೇರಿ ಹತ್ತು ಜಿಲ್ಲೆ ಮೊದಲೇ ಮೈಸೂರು ರಾಜ್ಯದಲ್ಲಿದ್ದವು. ಕಾಸರಗೋಡು ಮಾತ್ರ ಕೇರಳದ ಪಾಲಾಯಿತು.

ಈ ಒಕ್ಕೂಟ ಬೇಕು ಎಂದು ಮೊದಲು ಕೂಗಿದವರು ಯಾರು? ನಮ್ಮ ಕಡೆಯವರಲ್ಲ. ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ್ದು 1890ರಲ್ಲಿ, ಧಾರವಾಡದಲ್ಲಿ. ಏಕೀಕರಣದ ಕನಸನ್ನು ಊರೂರಿಗೆ ಹೊತ್ತುಕೊಂಡು ತಿರುಗಿದ ಆಲೂರು ವೆಂಕಟರಾಯರು ಆ ಕಡೆಯವರು. 1953ರಲ್ಲಿ ಅದಕ್ಕಾಗಿ ಆಮರಣ ಉಪವಾಸ ಕೂತವರು ಹುಬ್ಬಳ್ಳಿ ಹತ್ತಿರದ ಅದರಗುಂಚಿಯ ಶಂಕರಗೌಡ ಪಾಟೀಲರು. ಮುಂಬೈ ಸರ್ಕಾರದಲ್ಲಿ ಮರಾಠಿ, ನಿಜಾಮನ ಸರ್ಕಾರದಲ್ಲಿ ಉರ್ದು. ಎಲ್ಲಿ ಹೋದರೂ ಅವರೇ ಅನ್ಯಗ್ರಹದವರು. ಮನೆ ಬೇಕು ಅನ್ನಿಸಿದ್ದು ಮನೆಯಿಲ್ಲದವರಿಗೆ.

ಹಳೇ ಮೈಸೂರಿನವರಿಗೆ ಮನೆ ಇತ್ತಲ್ಲ! ಶಿವನಸಮುದ್ರದಿಂದ 1902ರಲ್ಲೇ ಕರೆಂಟು ಹರಿದಿತ್ತು, 1916ರಲ್ಲಿ ಸ್ವಂತ ವಿಶ್ವವಿದ್ಯಾನಿಲಯ ಬಂದಿತ್ತು. ಹೀಗಾಗಿ ಇಲ್ಲಿನ ಅನೇಕ ನಾಯಕರಿಗೆ ಅಳುಕು. ನಮ್ಮ ವರಮಾನವೆಲ್ಲ ಹಿಂದುಳಿದ ಸೀಮೆಗಳಿಗೆ ಹೋಗುತ್ತದೆ, ಜಾತಿಗಳ ತಲೆಲೆಕ್ಕ ಬದಲಾಗಿ ನಮ್ಮ ಕೈಯಿಂದ ಅಧಿಕಾರ ಜಾರುತ್ತದೆ. ಆ ವಿರೋಧದ ಮಧ್ಯೆ ಏಕೀಕರಣದ ಪರ ನಿಂತವರು ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯ. ವಿಧಾನಸೌಧ ಕಟ್ಟಿಸಿದ ಅವರು 1956ರ ಆಗಸ್ಟಿನಲ್ಲೇ ಕುರ್ಚಿ ಕಳೆದುಕೊಂಡರು. ನವೆಂಬರ್‌ನಲ್ಲಿ ಆ ಕಟ್ಟಡ ಆಳಬೇಕಾದ ರಾಜ್ಯ ದುಪ್ಪಟ್ಟು ದೊಡ್ಡದಾಗಿತ್ತು, ಅದರ ಮೊದಲ ಮುಖ್ಯಮಂತ್ರಿ ಎಸ್. ನಿಜಲಿಂಗಪ್ಪ.

ನನ್ನ ವೃತ್ತಿಯವರಿಗೆ ಇದರ ಮುಂದಿನ ಭಾಗ ಚೆನ್ನಾಗಿ ಅರ್ಥವಾಗುತ್ತೆ. ಐದು ಕಂಪನಿ ಒಂದಾದರೆ ಐದು ಡೇಟಾಬೇಸ್ ಒಂದು ಮಾಡಬೇಕಲ್ಲ, ಅದೇ ಗೋಳು. ತಾಲ್ಲೂಕಿನ ಅಧಿಕಾರಿಗೆ ಮೈಸೂರಿನಲ್ಲಿ ಅಮಲ್ದಾರ, ಮುಂಬೈ ಸೀಮೆಯಲ್ಲಿ ಮಾಮಲೇದಾರ, ಹೈದರಾಬಾದಿನಲ್ಲಿ ತಹಶೀಲ್ದಾರ. ಊರ ಲೆಕ್ಕ ಬರೆಯುವವನು ನಮ್ಮಲ್ಲಿ ಶಾನುಭೋಗ, ಧಾರವಾಡದ ಕಡೆ ಕುಲಕರ್ಣಿ, ಆಮೇಲೆ ತಲಾಠಿ, ಗುಲ್ಬರ್ಗದಲ್ಲಿ ಪಟವಾರಿ. ಕಂದಾಯದ ಕಾನೂನು ಬೇರೆ ಬೇರೆ, ನೌಕರರ ಸಂಬಳ ಬಡ್ತಿಯ ನಿಯಮ ಬೇರೆ ಬೇರೆ. ಬೀದರ್‌ನ ಗುಮಾಸ್ತ ಮತ್ತು ಬೆಂಗಳೂರಿನ ಗುಮಾಸ್ತರಲ್ಲಿ ಯಾರು ಸೀನಿಯರ್ ಅನ್ನುವ ಪಟ್ಟಿ ವರ್ಷಗಟ್ಟಲೆ ಎಳೆದು ಕೋರ್ಟು ಮೆಟ್ಟಿಲೂ ಹತ್ತಿತು. 1964ರಲ್ಲಿ ಇಡೀ ರಾಜ್ಯಕ್ಕೆ ಒಂದೇ ಭೂಕಂದಾಯ ಕಾಯ್ದೆ ಬಂತು.

ಇಲ್ಲೊಂದು ಸ್ವಾರಸ್ಯ ಗಮನಿಸಿ. ಎಲ್ಲದರಲ್ಲೂ ಮೈಸೂರೇ ಗೆಲ್ಲಲಿಲ್ಲ. ನಮ್ಮ ಅಮಲ್ದಾರ ಮರೆಯಾಗಿ ತಹಶೀಲ್ದಾರ ಉಳಿದ. ಶಾನುಭೋಗ, ಕುಲಕರ್ಣಿ, ಪಟವಾರಿ ಮೂವರೂ ಹೋಗಿ ಗ್ರಾಮ ಲೆಕ್ಕಿಗ ಬಂದ. ಅಂದರೆ ಕೆಳಗಿನ ಪದರಗಳಲ್ಲಿ ಕೊಡುಕೊಳ್ಳುವಿಕೆ ನಡೆಯಿತು. ಗೆದ್ದಿದ್ದು ಮೇಲಿನ ಪದರಗಳಲ್ಲಿ. ರಾಜಧಾನಿ ಬೆಂಗಳೂರು. ಲಾಂಛನ ಒಡೆಯರ ಗಂಡಭೇರುಂಡ. ಹೆಸರು ಮೈಸೂರು, ಅದೂ ಒಂದೆರಡು ದಿನವಲ್ಲ. ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ 1973ರ ನವೆಂಬರ್ 1ರಂದು ಕರ್ನಾಟಕ ಎಂದಾಗುವವರೆಗೆ ಹದಿನೇಳು ವರ್ಷ.

ನನ್ನ ಗೆಳೆಯನ ತಾತ ಉರ್ದುವಿನಲ್ಲಿ ಶಾಲೆ ಕಲಿತವರು. 1948ರ ಸೆಪ್ಟೆಂಬರ್‌ವರೆಗೆ ನಿಜಾಮನ ಪ್ರಜೆ, ಆಮೇಲೆ ಭಾರತದ ಹೈದರಾಬಾದ್ ರಾಜ್ಯ, ಆಮೇಲೆ ಮೈಸೂರು ರಾಜ್ಯ, ಆಮೇಲೆ ಕರ್ನಾಟಕ. ಮನೆಯ ಹೊಸ್ತಿಲು ಬದಲಾಗದೆ ಕಾಗದದ ಮೇಲಿನ ವಿಳಾಸ ಮೂರು ಸಲ ಬದಲಾಯಿತು. ನಮ್ಮ ತಾತನಿಗೆ ಇದ್ಯಾವುದೂ ಗೊತ್ತೇ ಆಗಲಿಲ್ಲ. ಅವರು ಸಾಯುವವರೆಗೂ ನಮ್ಮದು 'ಮೈಸೂರು ಸೀಮೆ' ಅಂತಲೇ ಅಂದರು, ಯಾರೂ ತಿದ್ದಲಿಲ್ಲ. ಒಕ್ಕೂಟ ನಿಮ್ಮದೇ ಹೆಸರಿನಲ್ಲಿದ್ದರೆ ಒಕ್ಕೂಟ ಆಗಿದೆ ಅನ್ನೋದೇ ನಿಮಗೆ ಕಾಣಿಸಲ್ಲ.

"ಅಲ್ರೀ, ಆ ಕಡೆಯವರೂ ಮುಖ್ಯಮಂತ್ರಿ ಆಗಿದ್ದಾರಲ್ಲ?" ಅಂತ ನೀವು ಕೇಳಬಹುದು. ಹೌದು. ಬಿ.ಡಿ. ಜತ್ತಿ, ವೀರೇಂದ್ರ ಪಾಟೀಲ, ಎಸ್.ಆರ್. ಬೊಮ್ಮಾಯಿ, ಧರಂ ಸಿಂಗ್, ಜಗದೀಶ ಶೆಟ್ಟರ್, ಬಸವರಾಜ ಬೊಮ್ಮಾಯಿ. ಸ್ಟಾರ್ ಟ್ರೆಕ್‌ಗಿಂತ ನಮ್ಮ ದಾಖಲೆ ಚೆನ್ನಾಗಿಯೇ ಇದೆ. ಆದರೆ ನನ್ನ ಗೆಳೆಯ ಕ್ಯಾಪ್ಟನ್ ಯಾರೆಂದು ಕೇಳಿ ಅಲ್ಲಿಗೇ ನಿಲ್ಲಿಸಿರಲಿಲ್ಲ, ಹೆಡ್ಡಾಫೀಸಿನ ಮಾತನ್ನೂ ಎತ್ತಿದ್ದ. ಬೀದರ್‌ನಿಂದ ಹೈದರಾಬಾದ್ 150 ಕಿ.ಮೀ. ಒಳಗೆ, ಬೆಂಗಳೂರು ಹತ್ತಿರ ಹತ್ತಿರ 700. ಹೈಕೋರ್ಟಿನ ಪೀಠ ಧಾರವಾಡ ಮತ್ತು ಗುಲ್ಬರ್ಗದಲ್ಲಿ ಕೂತಿದ್ದು 2008ರಲ್ಲಿ, ಅಂದರೆ ಏಕೀಕರಣವಾಗಿ ಐವತ್ತೆರಡು ವರ್ಷದ ಮೇಲೆ. ಬೆಳಗಾವಿಯ ಸುವರ್ಣ ವಿಧಾನಸೌಧ ಉದ್ಘಾಟನೆಯಾಗಿದ್ದು 2012ರಲ್ಲಿ. ಅವನ ಅಪ್ಪ ಮೇಷ್ಟ್ರು. ಪಿಂಚಣಿಯ ಒಂದು ಕಾಗದಕ್ಕಾಗಿ ರಾತ್ರಿಯಿಡೀ ಬಸ್ಸಿನಲ್ಲಿ ಬಂದು, ನಮ್ಮ ಪಿಜಿಯಲ್ಲಿ ಸ್ನಾನ ಮಾಡಿ ಕಚೇರಿಗೆ ಹೋದವರು, ಸಾಹೇಬರು ರಜೆ ಎಂದು ಬರಿಗೈಲಿ ವಾಪಸ್ ಬಂದಿದ್ದನ್ನು ನಾನೇ ನೋಡಿದ್ದೇನೆ. ನಮ್ಮಪ್ಪನಾಗಿದ್ದರೆ ದೊಡ್ಡಬಳ್ಳಾಪುರದಿಂದ ಮಾರನೆಯ ದಿನ ಮತ್ತೆ ಬಸ್ಸು ಹತ್ತುತ್ತಿದ್ದರು, ಅಷ್ಟೇ.

ಇದೆಲ್ಲ ಬರೀ ಗೊಣಗಾಟವಲ್ಲ ಅನ್ನೋದಕ್ಕೆ ಅಂಕಿಗಳಿವೆ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿ ಆಗಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಅಂದಿತು. ಅತ್ಯಂತ ಹಿಂದುಳಿದ 39ರಲ್ಲಿ 26 ಉತ್ತರದವು, ಅದರಲ್ಲೂ 21 ಗುಲ್ಬರ್ಗ ವಿಭಾಗವೊಂದರವೇ. ಹತ್ತು ವರ್ಷದ ನಂತರ, 2012ರಲ್ಲಿ, ಸಂವಿಧಾನದ 98ನೇ ತಿದ್ದುಪಡಿ ಮೂಲಕ 371ಜೆ ವಿಧಿ ಬಂತು. ಹಳೆಯ ಹೈದರಾಬಾದ್ ಭಾಗದ ಜಿಲ್ಲೆಗಳಿಗೆ, ಬಳ್ಳಾರಿಗೂ ಸೇರಿಸಿ, ಪ್ರತ್ಯೇಕ ಅಭಿವೃದ್ಧಿ ಮಂಡಳಿ, ಓದಿನಲ್ಲಿ ಕೆಲಸದಲ್ಲಿ ಮೀಸಲು. ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಇದನ್ನು "ಅವರಿಗೇನಪ್ಪ, ಕೋಟಾ ಇದೆ" ಅಂತ ಆಡಿಕೊಳ್ಳುವವರಿದ್ದಾರೆ. ಅವರಿಗೆ ಒಂದು ವಿಷಯ ಹೇಳಬೇಕು. ಮೈಸೂರಿನ ಸಂಪತ್ತು ಉತ್ತರಕ್ಕೆ ಹರಿದುಹೋಗುತ್ತೆ ಅಂತ ನಮ್ಮ ಹಿರಿಯರು ಹೆದರಿದ್ದರಲ್ಲ? ರಾಯಚೂರಿನ ಶಕ್ತಿನಗರದಲ್ಲಿ ಉಷ್ಣ ವಿದ್ಯುತ್ ಸ್ಥಾವರದ ಮೊದಲ ಘಟಕ 1985ರಲ್ಲಿ ಶುರುವಾಯಿತು, ಈಗ ಅದರ ಸಾಮರ್ಥ್ಯ 1,720 ಮೆಗಾವಾಟ್. ಹಾರುಬೂದಿ ಅಲ್ಲಿ, ಎಸಿ ಇಲ್ಲಿ.

ಹಾಗಾದರೆ ನಾನು ಕ್ಯಾಪ್ಟನ್ ಕುಲದವನೇ? ಇಲ್ಲಿ ಲೆಕ್ಕ ಸ್ವಲ್ಪ ತೊಡಕಾಗುತ್ತದೆ.

ಅರ್ಕಾವತಿ ನಂದಿ ಬೆಟ್ಟದಲ್ಲಿ ಹುಟ್ಟಿ ನಮ್ಮ ತಾಲ್ಲೂಕಿನ ಮೇಲೆ ಹಾದುಹೋಗುತ್ತದೆ. 1890ರ ದಶಕದಲ್ಲಿ ಬೆಂಗಳೂರಿಗೆ ಮೊದಲು ಕೊಳಾಯಿ ನೀರು ಹೋಗಿದ್ದು ಆ ನದಿಯ ಹೆಸರಘಟ್ಟ ಕೆರೆಯಿಂದ. ಈಗ ನಗರ ಕಾವೇರಿ ಕುಡಿಯುತ್ತದೆ, ಬಳಸಿ ಬಿಟ್ಟ ನೀರನ್ನು ಸಂಸ್ಕರಿಸಿ ದೇವನಹಳ್ಳಿಯ ಕಡೆಯ ಕೆರೆಗಳಿಗೆ ಕಳಿಸುತ್ತದೆ. 1986ರಲ್ಲಿ ನಮ್ಮನ್ನು ಬೆಂಗಳೂರಿನಿಂದ ಬೇರೆ ಮಾಡಿ 'ಗ್ರಾಮಾಂತರ' ಅಂದರು. 2007ರಲ್ಲಿ ರಾಮನಗರವೂ ಬೇರೆಯಾಗಿ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ನಾಲ್ಕೇ ಉಳಿದವು. 2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ಇಳಿಯಿತು. ಅದರ ಹಿಂದೆಯೇ ಲೇಔಟು, ಗೋಡೌನು, ಕಾರ್ಖಾನೆ. ಚನ್ನರಾಯಪಟ್ಟಣ ಹೋಬಳಿಯ ರೈತರು ಸಾವಿರಕ್ಕೂ ಹೆಚ್ಚು ದಿನ ಧರಣಿ ಕೂತ ಮೇಲೆ, 2025ರ ಜುಲೈನಲ್ಲಿ, 1,777 ಎಕರೆಯ ಭೂಸ್ವಾಧೀನವನ್ನು ಸರ್ಕಾರ ಕೈಬಿಟ್ಟಿತು. ನಂಜುಂಡಪ್ಪ ವರದಿಯ ಆ 39ರಲ್ಲಿ 11 ತಾಲ್ಲೂಕು ಬೆಂಗಳೂರು ವಿಭಾಗದವೇ ಇದ್ದವು.

ಅಂದರೆ ಹಡಗು ಮೇಲೇಳುವ ಜಾಗದ ಪಕ್ಕದ ಹೊಲದವರೂ ಹಡಗು ಹತ್ತಿರುವುದಿಲ್ಲ. ಒಕ್ಕೂಟವನ್ನು ಆಳುವುದು ಒಂದು ಕುಲ, ಒಂದು ಸೀಮೆ ಅಂತ ತಿಳಿಯುವುದು ಅರ್ಧ ಸತ್ಯ. ಆಳುವುದು ಒಂದು ಕೇಂದ್ರ. ಅದಕ್ಕೆ ಹತ್ತಿರ ಇರುವವರಿಗೆ ಎರಡು ಭಾಗ್ಯ: ಅದರ ಬೆಳಕೂ ಬೀಳುತ್ತೆ, ಅದರ ಕಾಲೂ ಬೀಳುತ್ತೆ. ಇದನ್ನು ನಾನು ಗೆಳೆಯನಿಗೆ ಹೇಳಬೇಕು ಅಂದುಕೊಂಡಿದ್ದೆ. ಆದರೆ ಹೇಳುವ ಮುಂಚೆ ನಾನೇ ಒಂದು ತಪ್ಪು ಒಪ್ಪಿಕೊಳ್ಳುವುದಿತ್ತು.

ಪಿಜಿ ದಿನಗಳ ಒಂದು ನವೆಂಬರ್. ಆಫೀಸಿನ ರಾಜ್ಯೋತ್ಸವದಲ್ಲಿ ನಾವೊಂದು ಸ್ಕಿಟ್ ಮಾಡಿದೆವು. ನನ್ನ ಪಾತ್ರ ಉತ್ತರ ಕರ್ನಾಟಕದ ಒಬ್ಬ ಪೆದ್ದ. ಸಿನಿಮಾಗಳಲ್ಲಿ ಕಾಮಿಡಿಗೆ ಬಳಸುವ ಅದೇ ಭಾಷೆ, ರೂಮಿನಲ್ಲಿ ದಿನಾ ಕೇಳುತ್ತಿದ್ದೆನಲ್ಲ, ಸಲೀಸಾಗಿ ಬಂತು. ಸಭೆ ಬಿದ್ದು ಬಿದ್ದು ನಕ್ಕಿತು, ಅವನೂ ನಕ್ಕ. ಟಿವಿಯವರು ನಟನ ಹಣೆಗೆ ರಬ್ಬರ್ ಅಂಟಿಸಿ ಅನ್ಯಗ್ರಹದವನು ಅನ್ನುತ್ತಾರೆ, ನಾನು ನಾಲಿಗೆಗೆ ಅಂಟಿಸಿಕೊಂಡಿದ್ದೆ. ಮಜಾ ಏನೆಂದರೆ ನಮ್ಮೂರಿನ "ಬತ್ತೀನಿ, ಓಯ್ತೀನಿ" ಕೂಡ ಆ ವೇದಿಕೆಗೆ ನಡೆಯುವ ಕನ್ನಡವಲ್ಲ. ಅದನ್ನು ನಾನು ಕಾಲೇಜಿನ ಮೊದಲ ವರ್ಷದಲ್ಲೇ ಬಿಟ್ಟಿದ್ದೆ. ಆವತ್ತಿನಿಂದ ಅವನು ಆಫೀಸಿನಲ್ಲಿ ನನ್ನ ಜೊತೆ ಇಂಗ್ಲಿಷಿನಲ್ಲೇ ಮಾತಾಡತೊಡಗಿದ. ಕಾರಣ ನನಗೆ ಹೊಳೆಯಲು ಎರಡು ವರ್ಷ ಬೇಕಾಯಿತು, ಅಷ್ಟರಲ್ಲಿ ಅವನು ಹೈದರಾಬಾದಿನಲ್ಲಿ ಕೆಲಸ ಹಿಡಿದು ಹೋಗಿದ್ದ. "ಊರಿಗೆ ಹತ್ರ" ಅಂದಿದ್ದ.

ಹೋದ ನವೆಂಬರ್ 1ಕ್ಕೆ ಫೋನ್ ಮಾಡಿದೆ. ಸ್ಕಿಟ್ಟಿನ ಮಾತು ತೆಗೆದು, ತಪ್ಪಾಯ್ತು ಕಣೋ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ.

"ಲೇ, ಅದನ್ನ ಹೇಳಾಕ ಇಷ್ಟು ವರ್ಷ ಬೇಕಾತೇನು ನಿನಗ?" ಅಂದ. ಅವನ ಭಾಷೆಯಲ್ಲೇ ಅಂದ.

ನಾನೂ ಬಹಳ ದಿನದ ಮೇಲೆ ನಮ್ಮೂರ ಭಾಷೆಯಲ್ಲೇ ಉತ್ತರ ಕೊಟ್ಟೆ. ನಲವತ್ತು ನಿಮಿಷ ಮಾತಾಡಿದೆವು. ಮಧ್ಯೆ ಒಂದೆರಡು ಪದ ಇಬ್ಬರಿಗೂ ಅರ್ಥವಾಗಲಿಲ್ಲ, ಕೇಳಿ ತಿಳಿದುಕೊಂಡೆವು.